ಉಪ್ಪುಂದಕ್ಕೆ ಕೊಡಲು ಹೊರಟ ಬೈಕು

ಬ್ರಹ್ಮಾವರದಿಂದ ಹೊರಟಾಗ ಬೆಳಗಿನ ಬಿಸಿಲು ಹಿತವಾಗಿತ್ತು, ನನ್ನ ಮುಖ ಮಾತ್ರ ಊದಿಕೊಂಡಿತ್ತು. ಹೆಂಡತಿ ಜಲಜ ಹಿಂದೆ ಕುಳಿತಿದ್ದಳು. ಗೋಕರ್ಣ, ಕಾರವಾರ ಎಂದು ನಾವಿಬ್ಬರೂ ಸುತ್ತಾಡಿದ ದೊಡ್ಡ ಬೈಕನ್ನು ಉಪ್ಪುಂದದಲ್ಲಿ ಅವಳ ತಮ್ಮ ಶೇಖರನ ಮನೆಯಲ್ಲಿ ಬಿಟ್ಟು, ಬಸ್ಸಿನಲ್ಲಿ ಮರಳುವುದೆಂದು ತೀರ್ಮಾನವಾಗಿತ್ತು. ಕೊಳ್ಳುವವರನ್ನೂ ಅವನೇ ಹುಡುಕಿದ್ದ.

ಮಳೆಗಾಲದಿಂದ ಗಾಡಿಗೊಂದು ಚಾಳಿ ಹಿಡಿದಿತ್ತು. ಎಕ್ಸಲರೇಟರ್ ತಿರುಚದಿದ್ದರೂ ಒಮ್ಮೊಮ್ಮೆ ಮುಂದಕ್ಕೆ ಹಾರುತ್ತಿತ್ತು, ಮರುಕ್ಷಣ ಏನೂ ಆಗದಂತೆ ತೆಪ್ಪಗಾಗುತ್ತಿತ್ತು. ಪ್ಲಗ್ ಬದಲಿಸಿದ್ದಾಯಿತು, ಪೆಟ್ರೋಲ್ ಬಸಿದು ಹೊಸತು ತುಂಬಿದ್ದಾಯಿತು. ಗ್ಯಾರೇಜಿನವರು ಹೆದ್ದಾರಿಯಲ್ಲಿ ಓಡಿಸಿ ನೋಡಿದರೆ ಹಸುವಿನಷ್ಟು ಸಾಧು. ಒಂದು ಸಂಜೆ ನಮ್ಮ ಓಣಿಗೆ ತಿರುಗುವಾಗ ಹಾರಿ, ಜಲಜ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಇನ್ನು ಇದು ಬೇಡ ಅಂದಳು. ಅವಳ ಹೆದರಿಕೆ ನ್ಯಾಯವಾಗಿಯೇ ಇತ್ತು, ಆದರೂ ಗಾಡಿ ಮಾರಲು ನನಗೆ ಮನಸ್ಸಿರಲಿಲ್ಲ.

ಕೋಟೇಶ್ವರದ ತನಕ ಸುಮಾರು ಇಪ್ಪತ್ತು ಕಿಲೋಮೀಟರ್ ಗಾಡಿ ತಕರಾರಿಲ್ಲದೆ ಓಡಿತು. ಬನ್ಸ್ ತಿನ್ನೋಣವೆಂದು ಹೋಟೆಲಿನತ್ತ ತಿರುಗಿಸಿದೆ, ಹಾರಿತು. ಜಲಜ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡಳು. ಕುಂದಾಪುರದಲ್ಲಿ ಮಾರ್ಕೆಟ್ ಸುತ್ತಿ ಮಧ್ಯಾಹ್ನ ಊಟಕ್ಕೆ ತಿರುಗಿಸಿದಾಗಲೂ ಅದೇ ಕಥೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕಾಣೆ ಫ್ರೈ ಎಲೆಗೆ ಬಿದ್ದ ಮೇಲೆ ಜಲಜ ನಗತೊಡಗಿದಳು.

"ಹ್ವಾಯ್, ಹೋಟ್ಲ್ ಕಂಡ್ ಕೂಡ್ಲೆ ಹಾರತ್ತಲೆ. ಅದ್ಕೂ ನಿಮ್ ಹಾಂಗೆ ಹಸಿವಾತ್ತಾ?"

ನನಗೂ ನಗು ಬಂತು. ಆದರೆ ಅನ್ನ ಕಲಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

"ಎರಡ್ ಹೋಟ್ಲೂ ಎಡಕ್ಕೇ ಅಲ್ದಾ? ನಮ್ ಓಣಿಯೂ ಎಡಕ್ಕೇ."

ಊಟ ಬೇಗ ಮುಗಿಸಿ, ಹೆದ್ದಾರಿಯ ಗದ್ದಲ ದಾಟಿ ಮರವಂತೆಗೆ ಬಂದೆವು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಟೋಪಿ ಹಾರಿಸುವಷ್ಟು ಗಾಳಿ. ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಚಾಲೂ ಇಟ್ಟು, ಎಕ್ಸಲರೇಟರ್ ಮುಟ್ಟದೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಎಂಜಿನ್ ಅಬ್ಬರಿಸಿತು. ನೆಟ್ಟಗೆ ಮಾಡಿದೆ, ತಣ್ಣಗಾಯಿತು.

ಜಲಜ ಬಗ್ಗಿ ಹೆಡ್‌ಲೈಟಿನ ಹಿಂದೆ ಮೊಬೈಲ್ ಬೆಳಕು ಬಿಟ್ಟಳು. ಎಕ್ಸಲರೇಟರ್ ಕೇಬಲನ್ನು ಯಾರೋ ಕಪ್ಪು ಬಲೆದಾರದಿಂದ ಚೌಕಟ್ಟಿಗೆ ಬಿಗಿದು ಕಟ್ಟಿದ್ದರು. ಕಪ್ಪು ಕೇಬಲಿನ ಮೇಲೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹ್ಯಾಂಡಲ್ ಎಡಕ್ಕೆ ಹೊರಳಿದಾಗೆಲ್ಲ ಕೇಬಲ್ ಎಳೆದಂತಾಗಿ ಎಕ್ಸಲರೇಟರ್ ತಾನಾಗಿ ತೆರೆಯುತ್ತಿತ್ತು.

"ಇದ್ ಶೇಖರನ್ ಗಂಟ್," ಅಂದಳು ಜಲಜ. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಅವನು ನಮ್ಮ ಮನೆಗೆ ಬಂದಿದ್ದ, ಪ್ರೀತಿಯಿಂದ ಬೈಕ್ ತೊಳೆದುಕೊಟ್ಟಿದ್ದ. ದೋಣಿಯವರು ಗಾಳಿಗೆ ತೂಗಾಡುವ ಯಾವುದನ್ನೂ ಹಾಗೇ ಬಿಡುವವರಲ್ಲ. ಬೈಕಿನ ಕೇಬಲಿಗೆ ಹೊರಳಲು ಸಡಿಲ ಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ದಾರ ಕತ್ತರಿಸಿದೆ. ನಾವುಂದದಲ್ಲಿ ಸಿಕ್ಕಿದ ಎಡ ತಿರುವುಗಳಿಗೆಲ್ಲ ಸುಮ್ಮಸುಮ್ಮನೆ ನುಗ್ಗಿ ಹೊರಬಂದೆ. ಖುಷಿಗೆ ಹಾಡುವುದೊಂದೇ ಬಾಕಿ.

ಉಪ್ಪುಂದದಲ್ಲಿ ಶೇಖರ ಕತ್ತರಿಸಿದ ದಾರವನ್ನು ಕೈಯಲ್ಲಿ ಹಿಡಿದು ಪೆಚ್ಚಾದ.

"ತೂಗಾಡುದ್ ಕಂಡ್ರೆ ಕೈ ಸುಮ್ನೆ ಇಪ್ಪುದಿಲ್ಲೆ, ಭಾವ."

"ಅಡ್ಡಿಲ್ಲೆ. ಗಾಡಿ ಕೊಡುದಿಲ್ಲ ಅಂದೇಳಿ ಅವ್ರಿಗೆ ಫೋನ್ ಮಾಡ್," ಎಂದು ಜಲಜಳೇ ಹೇಳಿದಳು. ನಾನು ಆ ಕಡೆ ತಿರುಗಿ ಚಾ ಕುಡಿದೆ.

ಸಂಜೆ ಅವನ ಮನೆಯಿಂದ ಹೆದ್ದಾರಿಗೆ ಬಂದೆವು. ಬಲಕ್ಕೆ ಹೋದರೆ ಮನೆ. ನಾನು ಬಲಗಡೆಯ ಇಂಡಿಕೇಟರ್ ಹಾಕಿದೆ.

"ಎಡಕ್ಕೆ ಹೋಪ," ಅಂದಳು ಜಲಜ.

"ಎಲ್ಲಿಗೆ?"

"ಬೈಂದೂರಿಗೆ. ಸಮುದ್ರ ಕಂಡ್ಕಂಡ್ ಬಪ್ಪ."

ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಅವಳು ನನ್ನ ಹೆಗಲು ಹಿಡಿಯಲೇ ಇಲ್ಲ.