ಕೊಂಬಿನ ಕುದುರೆ

ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಕಾದ ಇಕ್ಕಳದಂಥದ್ದೊಂದನ್ನು ಹಿಡಿದು ಕೂದಲು ನೆಟ್ಟಗೆ ಮಾಡಿಕೊಳ್ಳುತ್ತಿದ್ದಾಳೆ. ದೇವರು ಕೊಟ್ಟ ಗುಂಗುರು ಇವಳಿಗೆ ಬೇಡವಂತೆ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಗುಂಗುರು ಇವಳೊಬ್ಬಳಿಗೆ ಎಲ್ಲಿಂದ ಬಂತು ಎಂದು ಎಲ್ಲರೂ ತಮಾಷೆ ಮಾಡುವುದುಂಟು. ಕೂದಲು ಸೀದ ವಾಸನೆ ಬಾಗಿಲು ದಾಟಿ ನನ್ನ ಕುರ್ಚಿಯವರೆಗೂ ಬಂತು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಆ ವಾಸನೆಯ ಹಿಂದೆಯೇ ಒಂದು ಹಾಡು ಕೇಳಿಸುತ್ತದೆ. ನಗಬೇಡಿ, ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ನೇರ ದಾರಿ ನನಗೆ ಯಾವತ್ತೂ ಒಗ್ಗಿದ್ದಿಲ್ಲ.

ಅರವತ್ತರ ದಶಕದ ಆರಂಭ. ಜಯನಗರ ಆಗ ಅರ್ಧ ಬಡಾವಣೆ, ಅರ್ಧ ಬಯಲು. ನಮ್ಮ ಮಹಡಿಯ ಮೇಲೆ ನಿಂತರೆ ಖಾಲಿ ಸೈಟುಗಳ ಆಚೆ ಯಡಿಯೂರು ಕೆರೆ. ಬೆಳಗಿನ ಮಂಜಿನಲ್ಲಿ ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಆ ಮಹಡಿಗೆ ಬಾಡಿಗೆಗೆ ಬಂದವರು ಒಬ್ಬ ಜಪಾನೀ ಎಂಜಿನಿಯರ್ ಮತ್ತು ಅವರ ಹೆಂಡತಿ ಫುಮಿಕೊ. ಎಂಜಿನಿಯರ್ ಊರಾಚೆಯ ಕಾರ್ಖಾನೆಯೊಂದರಲ್ಲಿ ಯಂತ್ರ ಕೂರಿಸಲು ಬಂದಿದ್ದರು. ಫುಮಿಕೊ ತನ್ನ ಶಾಮಿಸೆನ್ ವಾದ್ಯವನ್ನು ಕೂಸಿನಂತೆ ಎದೆಗೊತ್ತಿಕೊಂಡು ಬಂದಿದ್ದಳು.

ನಾನಾಗ ಬಿ.ಎ. ಮುಗಿಸಿ ಹೊಸದಾಗಿ ಸ್ಕೂಲ್ ಟೀಚರ್ ಆದವಳು. ವೀಣೆ ಬರುತ್ತದೆ ಎಂಬ ಜಂಬ ಬೇರೆ. ಎಷ್ಟು ಬರುತ್ತಿತ್ತು ಎಂದು ಕೇಳಬೇಡಿ. ನಾನು ವೀಣೆ ಎದುರಿಗೆ ಕೂತೊಡನೆ ನಮ್ಮಪ್ಪನಿಗೆ ಹೊರಗೆಲ್ಲೋ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು. ಆ ಜಂಬದಲ್ಲೇ ಮಹಡಿ ಹತ್ತಿದೆ. ಅವಳ ವಾದ್ಯಕ್ಕೆ ಮೂರೇ ತಂತಿ, ಉದ್ದ ಕುತ್ತಿಗೆ, ವೀಣೆಗಿರುವಂಥ ಸ್ವರದ ಮೆಟ್ಟಿಲುಗಳೇ ಇಲ್ಲ, ಕೆಳಗೆ ಚರ್ಮ ಬಿಗಿದ ಚೌಕದ ಬುರುಡೆ. ಮೀಟುವುದು ಬೆರಳಲ್ಲಿ ಅಲ್ಲ, ತುದಿಗೆ ಬಂದಂತೆ ಅಗಲವಾಗುವ ಒಂದು ಹಲಗೆಯಲ್ಲಿ. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಇದೇನೇ, ದೋಸೆ ಮಗುಚೋ ಕೈ ಹಿಡ್ಕೊಂಡು ಸಂಗೀತ ಮಾಡ್ತಾಳೆ!"

ಅಜ್ಜಿ ಎಂದರೆ ಅಪ್ಪನ ತಾಯಿ. ಚಿಕ್ಕ ವಯಸ್ಸಿಗೇ ತಾತ ಹೋದರು. ಆಗಿನ ಪದ್ಧತಿಯಂತೆ ಅವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ನಾನು ಕಣ್ಣು ಬಿಟ್ಟಾಗಿನಿಂದ ಕಂಡದ್ದು ಆ ಕೆಂಪು ಸೆರಗು, ಅದರೊಳಗಿನ ಬೋಳು ತಲೆ, ಮತ್ತು ಮಡಿ. ಆ ವಾದ್ಯದ ಬುರುಡೆಗೆ ಬಿಗಿದ ಚರ್ಮ ಯಾವ ಪ್ರಾಣಿಯದು ಎಂದು ಅಜ್ಜಿ ಕೇಳಿದಾಗ ಫುಮಿಕೊಗೆ ಪದ ಹೊಳೆಯಲಿಲ್ಲ. ಪಾಪ, ಪ್ರಾಮಾಣಿಕಳು. "ಮಿಯಾಂವ್" ಎಂದಳು. ಅಂದಿನಿಂದ ಅಜ್ಜಿ ಸಂಗೀತ ಕೇಳುತ್ತಿದ್ದದ್ದು ಮೆಟ್ಟಿಲ ತಿರುವಿನಲ್ಲಿ ಕೂತು, ದೂರದಿಂದಲೇ.

ಶಾಮಿಸೆನ್ ಎಂದರೆ ಒಂದೇ ಬಗೆಯಲ್ಲ ಎಂದು ತಿಳಿದದ್ದು ನುಗ್ಗೆಕಾಯಿಯಿಂದ. ಒಂದು ದಿನ ಫುಮಿಕೊ ತರಕಾರಿ ಬುಟ್ಟಿಯಿಂದ ಎಳೆಯದೊಂದು, ಬಲಿತದ್ದೊಂದು, ನಡುವಿನದೊಂದು ಆರಿಸಿ ನೆಲದ ಮೇಲೆ ಸಾಲಾಗಿ ಇಟ್ಟಳು. ತೆಳುವಾದದ್ದನ್ನು ಮುಟ್ಟಿ, "ಇದು ನಾನು. ನಾಟಕ" ಎಂದಳು. ಸಣ್ಣ ಕುತ್ತಿಗೆಯ ವಾದ್ಯ ನಾಟಕದ ಹಾಡುಗಳಿಗೆ, ಚುರುಕಾಗಿ ಕಿಣಿಕಿಣಿ ಎನ್ನುತ್ತದೆ. ದಪ್ಪನೆಯದು ಬೊಂಬೆಯಾಟದ ಕಥೆ ಹೇಳುವವರದು. ಗೊಂಬೆಗಳ ಅಳು, ಆರ್ಭಟ ಎಲ್ಲಕ್ಕೂ ಗಡಸು ದನಿ. ನಡುವಿನದನ್ನು ಅವಳು ಕೈಯಲ್ಲಿ ಎತ್ತಿಕೊಂಡಳು. "ಇದು ಅಮ್ಮ. ಮನೆ ಒಳಗೆ. ಮೆತ್ತಗೆ."

"ಸರಿ, ಇದರಲ್ಲಿ ಹುಳಿಗೆ ಯಾವುದಂತೆ?" ಮೆಟ್ಟಿಲ ತಿರುವಿನಿಂದ ಅಜ್ಜಿಯ ದನಿ ಬಂತು.

ಆ ಮಳೆಗಾಲದಲ್ಲಿ ಫುಮಿಕೊಳ ಅಮ್ಮ ತೀರಿಕೊಂಡ ಸುದ್ದಿ ಬಂತು. ಹೋಗುವುದು ಆಗಲಿಲ್ಲ, ಸಮುದ್ರ ಅಷ್ಟು ದೊಡ್ಡದಿತ್ತು. ಮಹಡಿ ತಿಂಗಳುಗಟ್ಟಲೆ ಮೌನವಾಗಿತ್ತು. ಮುಂದಿನ ಬೇಸಿಗೆಯಲ್ಲಿ ಹಡಗಿನಲ್ಲಿ ಒಂದು ಪೆಟ್ಟಿಗೆ ಬಂತು. ಒಳಗೆ ಅಮ್ಮನ ಶಾಮಿಸೆನ್. ಕುತ್ತಿಗೆ ಕೊಂಚ ದಪ್ಪ, ಮೀಟುವ ಹಲಗೆ ಇನ್ನೂ ಅಗಲ, ತುದಿ ಮಾತ್ರ ತೆಳ್ಳಗೆ. ತಂತಿಗಳು ಅರಿಶಿನದ ಬಣ್ಣದ ರೇಷ್ಮೆ. "ರೇಷ್ಮೆಗೆ ಮೈಲಿಗೆ ಇಲ್ಲ, ಅರಿಶಿನವೂ ಆಯ್ತು. ಆ ಬೆಕ್ಕೊಂದು ಇಲ್ದೇ ಇದ್ದಿದ್ರೆ ದೇವರ ಮನೇಲೇ ಇಡಬಹುದಿತ್ತು" ಎಂದಳು ಅಜ್ಜಿ.

ಎಲ್ಲ ಸರಿಯಿತ್ತು, ತಂತಿಗಳನ್ನು ಚರ್ಮದಿಂದ ಮೇಲೆತ್ತಿ ಹಿಡಿಯುವ ಕುದುರೆಯೊಂದು ಮಾತ್ರ ದಾರಿಯಲ್ಲಿ ಚೂರಾಗಿತ್ತು. ವೀಣೆಯಲ್ಲಿ ನಾವು ಕುದುರೆ ಎನ್ನುವುದನ್ನು ಅವರೂ ಕುದುರೆಮರಿ ಎಂದೇ ಕರೆಯುತ್ತಾರಂತೆ. ಎಷ್ಟು ದೂರದ ಎರಡು ಊರುಗಳಿಗೆ ಒಂದೇ ಕುದುರೆ ಹೊಳೆದಿದೆ ನೋಡಿ. ನಿನ್ನ ವಾದ್ಯದ ಕುದುರೆಯನ್ನೇ ಇದಕ್ಕೂ ಇಡಬಾರದೇ ಎಂದು ನಾನು ಬುದ್ಧಿ ಹೇಳಿದೆ. ಫುಮಿಕೊ ಇಟ್ಟು ಮೀಟಿದಳು. ಕಿಣಿಕಿಣಿ. ತಟ್ಟನೆ ತೆಗೆದುಬಿಟ್ಟಳು.

"ಅಮ್ಮ ಅಲ್ಲ," ಎಂದಳು. "ಇದು ನಾನು."

ಅವಳದು ಹಗುರ ದಂತದ ಕುದುರೆ. ಅಮ್ಮನದು ಎಮ್ಮೆ ಕೊಂಬಿನದು, ಹೊಟ್ಟೆಯೊಳಗೆ ಚೂರು ಸೀಸ ತುಂಬಿದ್ದು. ಆ ಭಾರಕ್ಕೇ ದನಿ ತಗ್ಗಿ, ನಿಂತು, ನಿಧಾನವಾಗಿ ಹೋಗುತ್ತದೆ. ಮುಂದಿನ ತಿಂಗಳು ಅಮ್ಮ ಹೋಗಿ ವರ್ಷ ತುಂಬುತ್ತದೆ. ಅಂತ್ಯಕ್ರಿಯೆಗೆ ಹೋಗಲಾಗದ ಮಗಳು ಆ ದಿನ ಅಮ್ಮನ ಹಾಡನ್ನು ಅಮ್ಮನ ದನಿಯಲ್ಲೇ ನುಡಿಸಬೇಕು. ಜಪಾನಿನಿಂದ ಇನ್ನೊಂದು ತರಿಸುವಷ್ಟು ಸಮಯವಿರಲಿಲ್ಲ.

ಇದನ್ನೆಲ್ಲ ಅಡುಗೆಮನೆಯಲ್ಲಿ ಹೇಳುತ್ತಿದ್ದಾಗ ಅಜ್ಜಿ ತಲೆಯೆತ್ತಿ ಕೇಳಿದಳು. "ವರ್ಷದ ದಿನಕ್ಕೆ ಬೇಕು ಅಂದ್ಲಾ? ಏನು ಬೇಕಂತೆ?"

"ಎಮ್ಮೆ ಕೊಂಬು, ಅಜ್ಜಿ."

ಅಜ್ಜಿ ಎದ್ದು ಹೋದಳು. ಟ್ರಂಕಿನ ಮುಚ್ಚಳ ಕಿರುಗುಟ್ಟಿದ್ದು ಕೇಳಿಸಿತು. ಬಂದಾಗ ಕೈಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಬಾಚಣಿಗೆ. ಕಪ್ಪು ಕೊಂಬಿನದು, ದಪ್ಪ ಬೆನ್ನಿನದು.

"ಯಾರದು ಇದು?"

"ನಂದೇ ಕಣೇ. ನನ್ನ ಕೂದಲು ಗುಂಗುರು. ಮರದ ಬಾಚಣಿಗೆ ಎಲ್ಲಾ ಹಲ್ಲು ಮುರ್ಕೊಳ್ಳೋದು. ನಿಮ್ಮ ತಾತ ನಗ್ತಾ ನಗ್ತಾ ಇದನ್ನ ತಂದ್ಕೊಟ್ರು."

ಅಜ್ಜಿಗೆ ಕೂದಲಿತ್ತು ಎಂದು ನಾನು ಅದುವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ಬಾಚುವ ಹಾಗಿಲ್ಲದ ಹೆಂಗಸು ಅಷ್ಟು ವರ್ಷ ಬಾಚಣಿಗೆಯೊಂದನ್ನು ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದಳು. ನನಗೆ ಅಳು ಬಂತು. "ಬೇಡ ಅಜ್ಜಿ, ನಿನ್ನ ಹತ್ರಾನೇ ಇರ್ಲಿ" ಎಂದೆ.

"ಇಟ್ಕೊಂಡು ಏನು ಬಾಚ್ಲಿ?" ಎಂದಳು. ಬಾಚಣಿಗೆಯನ್ನು ನನ್ನ ಕೈಗಿಟ್ಟ ಮೇಲೂ ಅದರ ಒಂದು ತುದಿಯನ್ನು ಬಿಟ್ಟಿರಲಿಲ್ಲ. ಆಮೇಲೆ, ತೀರ ಮೆಲ್ಲಗೆ, "ಅರ್ಧ ಸಾಕಾಗುತ್ತಾ ಕೇಳು" ಎಂದಳು.

ಅರ್ಧ ಸಾಕಾಯಿತು. ಭಾನುವಾರ ಹಿತ್ತಲಲ್ಲಿ ಎಂಜಿನಿಯರ್ ಸಾಹೇಬರು ಅದನ್ನು ಗರಗಸದಿಂದ ಎರಡು ಮಾಡಿ, ಒಂದರ ಹಲ್ಲು ತೆಗೆದು, ಮುರಿದ ಕುದುರೆಯ ಚೂರುಗಳನ್ನು ಎದುರಿಗಿಟ್ಟುಕೊಂಡು ಅರದಿಂದ ಉಜ್ಜಿ, ಆ ಚೂರುಗಳಿಂದ ತೆಗೆದ ಸೀಸವನ್ನು ಅದರ ಹೊಟ್ಟೆಗೆ ಕೂರಿಸಿದರು. ಉಜ್ಜಿದಂತೆಲ್ಲ ಕೂದಲು ಸೀದ ವಾಸನೆ ಹಿತ್ತಲು ತುಂಬಿತು. ಕೊಂಬೂ ಕೂದಲಿನ ಜಾತಿಯೇ ಅಲ್ಲವೇ. ಅಜ್ಜಿ ತುಳಸಿಕಟ್ಟೆಯ ಪಕ್ಕ ಕೊನೆಯವರೆಗೂ ನಿಂತು ನೋಡಿದಳು.

ವರ್ಷದ ದಿನದ ಸಂಜೆ ಫುಮಿಕೊ ಅಮ್ಮನ ಫೋಟೋ ಎದುರಿಗೆ ಕೂತಳು. ಕಿಟಕಿಯಾಚೆ ಕೆರೆಯ ಮೇಲೆ ಕೊನೆಯ ಬೆಳಕು. ಅವಳು ಮೊದಲ ತಂತಿ ಮೀಟಿದಳು. ದನಿ ತಗ್ಗಿ ಬಂತು. ಅದರ ಬೆನ್ನಿಗೇ ಸಣ್ಣದೊಂದು ಗುಂಯ್‌ಕಾರ, ನಮ್ಮ ತಂಬೂರಿಯ ತಂತಿಗೆ ನೂಲೆಳೆ ಸಿಕ್ಕಿಸಿದಾಗ ಬರುವಂಥದ್ದು. ಫುಮಿಕೊಳ ಮುಖ ನೋಡಿದರೆ ಸಾಕಿತ್ತು, ಅಮ್ಮ ಬಂದಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಹಾಡಿನ ನಡುವೆ ತಿರುಗಿ ನೋಡಿದರೆ ಅಜ್ಜಿ ಮೆಟ್ಟಿಲ ತಿರುವಿನಲ್ಲಿ ಇರಲಿಲ್ಲ. ಬಾಗಿಲು ದಾಟಿ ಬಂದು, ಬೆಕ್ಕನ್ನೂ ಮಡಿಯನ್ನೂ ಮರೆತು, ಚಾಪೆಯ ಮೇಲೆ ಕಣ್ಣುಮುಚ್ಚಿ ಕೂತಿದ್ದಳು. ಅವಳ ಎರಡೂ ಕೈಗಳು ಸೆರಗಿನೊಳಗೆ ಕತ್ತಿನ ಹಿಂದೆ ಹೋಗಿದ್ದವು. ಬೆರಳುಗಳು ಇಲ್ಲದ ಕೂದಲನ್ನು ಒಟ್ಟುಮಾಡಿ, ತಿರುವಿ, ತುರುಬು ಕಟ್ಟುತ್ತಿದ್ದವು.

ಹಾಡು ಮುಗಿದ ಮೇಲೆ ಅಜ್ಜಿ ಕೆಳಗಿಳಿದು ಇನ್ನೊಂದು ಸಲ ತಣ್ಣೀರು ಸ್ನಾನ ಮಾಡಿದಳು. ಗೊಣಗಲಿಲ್ಲ.

ಫುಮಿಕೊ ದಂಪತಿ ಕುದುರೆಯೊಂದಿಗೆ ತಮ್ಮ ದೇಶಕ್ಕೆ ಮರಳಿದರು. ಉಳಿದರ್ಧ ಅಜ್ಜಿಯ ನಂತರ ನನ್ನ ಬೀರುವಿಗೆ ಬಂತು. ನಾನೂ ಅವಳಂತೆಯೇ ಅದನ್ನು ಬಟ್ಟೆಯಲ್ಲಿ ಸುತ್ತಿ ಯಾರಿಗೂ ತೋರಿಸದೆ ಇಟ್ಟಿದ್ದೆ, ಈಗ ಎದ್ದು ಹೋಗಿ ತೆಗೆಯುವವರೆಗೆ.

"ಆ ಇಕ್ಕಳ ಆರಿಸಿ ಬಾ ಇಲ್ಲಿ" ಎಂದು ಕರೆದೆ. ಮೊಮ್ಮಗಳು ಬಂದಳು, ಅರ್ಧ ತಲೆ ನೆಟ್ಟಗೆ, ಅರ್ಧ ಗುಂಗುರು.

"ಇದೇನಜ್ಜಿ, ಮುರಿದ ಬಾಚಣಿಗೆ?"

"ಮುರಿದಿಲ್ಲ ಕಣೇ. ಅರ್ಧ ಹಾಡಕ್ಕೆ ಹೋಗಿದೆ. ಕೂತ್ಕೋ, ನಿನ್ನ ಗುಂಗುರು ಯಾರದು ಅಂತ ಹೇಳ್ತೀನಿ."

ಅವಳು ನನ್ನ ಕಾಲ ಬಳಿ ಕೂತಳು. ಗುಂಗುರಾಗಿ ಉಳಿದಿದ್ದ ಕಡೆಯಿಂದ ಬಾಚತೊಡಗಿದೆ.