ಏಳನೇ ಕೋಣೆಯ ಹೊರಗೊಂದು ಹೊಲಿಗೆ ಮೆಷಿನ್

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಮಾಜಿ ಸೈನಿಕರ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಫಿನಾಯಿಲ್ ಹಾಕಿ ಒರೆಸಿದ ನೆಲ ಆರಿಲ್ಲ. ಏಳನೇ ಕೋಣೆಯ ಮುಂದೆ ಒಬ್ಬಾಕೆ ಮಂಡಿಯೂರಿ ಕುಳಿತು ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮೆಷಿನ್ನಿನ ಬೆಲ್ಟು ಬಿಗಿಮಾಡುತ್ತಿದ್ದಾರೆ. ಅದಾದ ಮೇಲೆ ಕೋಣೆಯೊಳಗೆ ಹೋಗುತ್ತಾರೆ. ಕಿಟಕಿಯ ಪರದೆಯನ್ನು ಪೂರ್ತಿ ಸರಿಸುತ್ತಾರೆ, ಹಿಂದೆ ಯಾರೂ ನಿಂತಿಲ್ಲವೆಂದು ಬಂದವರಿಗೆ ಕಾಣಬೇಕು. ಮೇಜಿನ ಮೇಲಿನ ಪೆನ್ನುಗಳನ್ನು ಡ್ರಾಯರಿಗೆ ಹಾಕುತ್ತಾರೆ. ಬಾಗಿಲಿಗೆ ಬೆನ್ನು ಮಾಡಿರುವ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಒತ್ತಿಸಿಡುತ್ತಾರೆ. ಈಗ ಅಲ್ಲಿ ಕುಳಿತವರಿಗೆ ಬಾಗಿಲು ಕಾಣುತ್ತದೆ.

"ಗುಡಿಸೋಳು ದಿನಾ ಸಂಜೆ ಇದನ್ನ ಆ ಕಡೆ ತಿರುಗಿಸ್ತಾಳೆ, ನಾನು ದಿನಾ ಬೆಳಿಗ್ಗೆ ಈ ಕಡೆ ತಿರುಗಿಸ್ತೀನಿ. ಈ ಆಸ್ಪತ್ರೇಲಿ ಇನ್ನೂ ಮುಗೀದಿರೋ ಯುದ್ಧ ಇದೊಂದೇ" ಎನ್ನುತ್ತಾರೆ. ಆಮೇಲೆ, ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಕೈ ನೋಡುತ್ತಾರೆ. "ಆ ಪೆನ್ನನ್ನೂ ಬ್ಯಾಗಿಗೆ ಹಾಕ್ಕೊಳ್ಳಿ. ಇಲ್ಲಿಗೆ ಬರೋರಿಗೆ ಪೆನ್ನು ಕಂಡ್ರೆ ಹಾವು ಕಂಡ ಹಾಗೆ."

ಎಲ್ಲರೂ ಅವರನ್ನು ಮೆಷಿನ್ ಅಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೆರಡು. ಹದಿನಾಲ್ಕು ವರ್ಷದಿಂದ ಆಸ್ಪತ್ರೆಯ ಹರಿದ ಬಟ್ಟೆ ಹೊಲಿಯುವುದು ಅವರ ಕೆಲಸ. ದಿನಕ್ಕೆ ಹದಿನೆಂಟು ಹೊದಿಕೆ, ಮೂವತ್ತು ದಿಂಬಿನ ಚೀಲ, ಲಾಡಿ ಕಿತ್ತ ಪೈಜಾಮಗಳು ಎಷ್ಟೋ. ಏಳನೇ ಕೋಣೆ ಮನಸ್ಸಿನ ಡಾಕ್ಟರಮ್ಮನದು. ಯುದ್ಧ ನೋಡಿ ಬಂದವರು ಒಳಗಿನದನ್ನು ಹೇಳಿಕೊಳ್ಳಲೆಂದು ನಾಲ್ಕು ವರ್ಷದ ಹಿಂದೆ ತೆರೆದದ್ದು. ದಿನಕ್ಕೆ ಎಂಟು ಜನ ಬರುತ್ತಾರೆ, ಅವರಲ್ಲಿ ಇಬ್ಬರು ಮೂವರು ಬಾಗಿಲ ತನಕ ಬಂದು ಹಾಗೇ ಹಿಂದಿರುಗುತ್ತಾರೆ.

ಹಾಗೆ ಹಿಂದಿರುಗುವವರ ಅನುಮಾನ ಏನೆಂದು, ಬೆಂಚಿನ ಮೇಲೆ ಸರದಿ ಕಾಯುತ್ತ ಕುಳಿತ, ಎಲ್ಲರೂ ಮೀಸೆ ಮಾವ ಎನ್ನುವ ಮಾಜಿ ಸೈನಿಕರು ನನಗೆ ಬಿಡಿಸಿ ಹೇಳುತ್ತಾರೆ. "ಬಾಯಿಂದ ಕಾಗದಕ್ಕೆ, ಕಾಗದದಿಂದ ಕಚೇರಿಗೆ. ಆಮೇಲೆ ಮನೇಲಿ ನಾನು ಸರಿಯಾದ ಕಾರಣಕ್ಕೇ ಜಗಳ ಆಡಿದ್ರೂ ಹೆಂಡತಿ 'ಪಾಪ, ತಲೆ ಸರಿಯಿಲ್ಲ' ಅಂತಾಳೆ. ನಾನು ಗೆಲ್ಲೋದು ಯಾವಾಗ ತಾಯಿ?"

ಮೆಷಿನ್ ಇಲ್ಲಿಗೆ ಬಂದದ್ದು ಆಕಸ್ಮಿಕ. ಬಟ್ಟೆ ಕೋಣೆಯ ಸೂರು ಸೋರಿದಾಗ ಅದನ್ನು ಕಾರಿಡಾರಿಗೆ ತಂದಿಟ್ಟಿದ್ದರು. ಸೂರು ರಿಪೇರಿಯಾದ ಕೂಡಲೇ ಡಾಕ್ಟರಮ್ಮ, ಈ ಗದ್ದಲದಲ್ಲಿ ಯಾರು ತಾನೇ ಮನಸ್ಸು ಬಿಚ್ಚುತ್ತಾರೆಂದು ಅದನ್ನು ವಾಪಸ್ಸು ಕಳಿಸಿದರು. ಆ ವಾರ ಬಂದವರೆಲ್ಲ ಹವಾಮಾನದ ಮಾತಾಡಿ ಎದ್ದು ಹೋದರು. ಕೊನೆಗೆ ಮೀಸೆ ಮಾವ ಕೇಳಿಯೇಬಿಟ್ಟರು: "ಆ ಮೆಷಿನ್ ಎಲ್ಲಿ? ಅದು ಓಡ್ತಿದ್ರೆ ಹೊರಗಿರೋರಿಗೆ ಕೇಳಲ್ಲ ಅಂತ ಧೈರ್ಯ ಇರ್ತಿತ್ತು." ಮಾರನೇ ದಿನ ಡಾಕ್ಟರಮ್ಮನೇ ಒಂದು ಕಡೆ ಹಿಡಿದು ಮೆಷಿನ್ ಹೊತ್ತು ತಂದರು.

ಅಂದಿನಿಂದ ಒಂದು ನಿಯಮ. ಒಳಗೆ ಜನವಿರುವಷ್ಟು ಹೊತ್ತು ಮೆಷಿನ್ ನಿಲ್ಲುವಂತಿಲ್ಲ. ನಿಂತರೆ ಒಳಗಿನ ಮಾತೂ ನಿಲ್ಲುತ್ತದೆ. ಬಟ್ಟೆ ಮುಗಿದರೂ ಅಕ್ಕ ತುಳಿಯುತ್ತಲೇ ಇರುತ್ತಾರೆ. ಸಂಜೆಗೆ ಮೀನಖಂಡ ಕಲ್ಲಾಗಿರುತ್ತದೆ. ಈ ಕೆಲಸ ಯಾವ ಆದೇಶದಲ್ಲೂ ಇಲ್ಲ. ಮೇಲ್ವಿಚಾರಕಿಗೂ ಗೊತ್ತಿಲ್ಲ. ಅಕ್ಕನಿಗೆ ಕಷ್ಟವಾಗುತ್ತಿದೆಯೆಂದು ಆಕೆ ಸದ್ದೇ ಮಾಡದ ಕರೆಂಟಿನ ಹೊಸ ಮೆಷಿನ್ ತರಿಸುವ ಯೋಚನೆಯಲ್ಲಿದ್ದಾರೆ.

ಆದರೆ ಇಷ್ಟೆಲ್ಲ ಗಂಡಸರಿಗೆ ಧೈರ್ಯ ಕೊಟ್ಟ ಈ ಸದ್ದು ಒಬ್ಬರನ್ನು ಮಾತ್ರ ಬಾಗಿಲು ದಾಟಿಸಿಲ್ಲ. ಅವರು ಅಕ್ಕನ ಗಂಡ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಹಿಂದಿರುಗಿ ಹನ್ನೊಂದು ವರ್ಷ. ಅಂದಿನಿಂದ ಮುಂಬಾಗಿಲಿಗೆ ಅಡ್ಡವಾಗಿ ಚಾಪೆ ಹಾಕಿ ಮಲಗುತ್ತಾರೆ. ಪಾತ್ರೆ ಬಿದ್ದರೆ ಮೇಜಿನ ಕೆಳಗಿರುತ್ತಾರೆ. ಸದ್ದಾಗಬಾರದೆಂದು ಅಕ್ಕ ಮನೆಯಲ್ಲಿ ಬಳೆ ತೊಡುವುದನ್ನೇ ಬಿಟ್ಟಿದ್ದಾರೆ. "ಅಲ್ಲಿ ಏನಾಯ್ತು ಅಂತ ಒಂದು ಮಾತು ಹೇಳಿಲ್ಲ. ಊಟಕ್ಕೂ ಬಾಗಿಲು ನೋಡ್ಕೊಂಡೇ ಕೂರ್ತಾರೆ. ಒಂದು ದಿನ, ಒಂದೇ ದಿನ, ಬಾಗಿಲಿಗೆ ಬೆನ್ನು ಹಾಕಿ, ನನ್ನ ಮುಖ ನೋಡ್ಕೊಂಡು ಉಣ್ಣಲಿ ಅಂತ ಆಸೆ."

ಮಧ್ಯಾಹ್ನ ಅವರೇ ಊಟದ ಡಬ್ಬಿ ಹಿಡಿದು ಬರುತ್ತಾರೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಾರೆ.

"ಇವರು ಯಾರ ಕಡೆಯವರು?"

"ಪತ್ರಿಕೆಯವರು."

"ಹ್ಞೂಂ. ಒಳಗೊಬ್ಬಳು ಕೇಳೋಳು, ಹೊರಗೊಬ್ಬಳು ಬರೆಯೋಳು. ಮಧ್ಯದಲ್ಲಿ ನನ್ನ ಹೆಂಡತಿ ಬಾತ್ಮೀದಾರಳು. ಚೆನ್ನಾಗಿ ಹೊಂಚು ಹಾಕಿದ್ದೀರಿ!"

"ಒಳಗೆ ಹೋಗಿ ಅಂತ ನಾನೇನು ಕೈ ಹಿಡಿದು ಎಳೆದೆನಾ?" ಅಕ್ಕ ತಲೆ ಎತ್ತುವುದಿಲ್ಲ.

"ಮನಸ್ಸಿಗೆ ಡಾಕ್ಟರಂತೆ! ನನ್ನ ಮನಸ್ಸು ಎಲ್ಲಿದೆ ಅಂತ ನಿನಗೇ ಇಪ್ಪತ್ತೇಳು ವರ್ಷದಿಂದ ಸಿಕ್ಕಿಲ್ಲ. ಒಳಗಿರೋ ಆ ಮಗೂಗೆ ಸಿಗುತ್ತಾ?"

ಹೀಗೆ ಹೇಳಿದವರು ಹೊರಡುವುದಿಲ್ಲ. ಮೆಷಿನ್ನನ್ನೇ ನೋಡುತ್ತ ನಿಲ್ಲುತ್ತಾರೆ. ಅವರ ಅನುಮಾನ ಉಳಿದವರದಕ್ಕಿಂತ ಹತ್ತಿರದ್ದು. ಬಾಗಿಲ ಹೊರಗಿರುವ ಕಿವಿ ಅವರ ಹೆಂಡತಿಯದೇ. ಕಚೇರಿಗೆ ಗೊತ್ತಾದರೆ ತಲೆ ಸರಿಯಿಲ್ಲವೆಂಬ ಮೊಹರು ಬೀಳುತ್ತದೆ, ಅಷ್ಟೆ. ಇವಳಿಗೆ ಗೊತ್ತಾದರೆ ಮನೆಗೆ ಹೋಗಿ ಅದೇ ಮುಖ ನೋಡಬೇಕು.

ಇದ್ದಕ್ಕಿದ್ದಂತೆ ಅವರು ಬಾಗಿಲು ತಳ್ಳಿ, ಊಟಕ್ಕೆ ಕೂರಲಿದ್ದ ಡಾಕ್ಟರಮ್ಮನಿಗೆ ಹೇಳುತ್ತಾರೆ: "ಅಮ್ಮಾ, ಒಳಗೆ ಕೂತು ಏನಾದ್ರೂ ಮಾತಾಡ್ತಾ ಇರಿ." ಬಾಗಿಲು ಎಳೆದುಕೊಂಡು ಅಕ್ಕನತ್ತ ತಿರುಗುತ್ತಾರೆ. "ತುಳಿ." ಬಗ್ಗಿ, ಮೆಷಿನ್ನಿನ ಪಕ್ಕದಲ್ಲಿ, ಸರಿಯಾಗಿ ಅಕ್ಕನ ಕಿವಿ ಇರುವ ಎತ್ತರಕ್ಕೆ ತಮ್ಮ ಕಿವಿ ಇಡುತ್ತಾರೆ. "ಇನ್ನೂ ಜೋರಾಗಿ." ನಂತರ ಒಳಗೆ ಇಣುಕಿ, "ಏನು ಹೇಳಿದ್ರಿ?" ಎಂದು ವಿಚಾರಿಸುತ್ತಾರೆ. "ಇಪ್ಪತ್ತರ ಮಗ್ಗಿ ಹೇಳಿದೆ, ಗಂಟಲು ಹರಿಯೋ ಹಾಗೆ" ಎನ್ನುತ್ತಾರೆ ಡಾಕ್ಟರಮ್ಮ. ಇವರಿಗೆ ಒಂದಕ್ಷರವೂ ಕೇಳಿಸಿಲ್ಲ.

ಅವರು ಒಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ.

ಅಕ್ಕ ತುಳಿಯುತ್ತಾರೆ. ಹತ್ತು ನಿಮಿಷಕ್ಕೆ ದಾರ ತುಂಡಾಗುತ್ತದೆ. ನಾನು ದಾರದ ತುದಿ ಹಿಡಿದುಕೊಟ್ಟರೆ ತಲೆಯಾಡಿಸಿ ಬೇಡವೆನ್ನುತ್ತಾರೆ. ಪೋಣಿಸಬೇಕಾದರೆ ಮೆಷಿನ್ ನಿಲ್ಲಿಸಬೇಕು. ದಿಂಬಿನ ಚೀಲದ ಮೇಲೆ ಬರೀ ಸೂಜಿ ಓಡುತ್ತದೆ. ಒಮ್ಮೆ, ಅರ್ಧ ಗಂಟೆಯ ಹೊತ್ತಿಗೆ, ಕಾಲು ನಿಧಾನವಾಗುತ್ತದೆ. ಸದ್ದು ತೆಳುವಾಗಿ, ಬಾಗಿಲಾಚೆ ಗಂಡಸಿನ ದನಿಯೊಂದಿದೆ ಎಂಬುದಷ್ಟೇ ತಿಳಿಯುತ್ತದೆ. ಅಕ್ಕ ತುಟಿ ಕಚ್ಚಿ ಮತ್ತೆ ಜೋರಾಗಿ ತುಳಿಯುತ್ತಾರೆ.

ನಲವತ್ತು ನಿಮಿಷದ ನಂತರ ಅವರು ಹೊರಬರುತ್ತಾರೆ. ಕಣ್ಣು ಕೆಂಪಾಗಿದೆ. "ಮಧ್ಯದಲ್ಲಿ ನೀನು ನಿಧಾನ ಮಾಡಿದೆ" ಎನ್ನುತ್ತಾರೆ ಹೆಂಡತಿಗೆ.

"ಮಾಡಿದೆ. ಆದರೆ ಮಾತು ಕೇಳಿಸಲಿಲ್ಲ."

ಗಂಡ ಬಹಳ ಹೊತ್ತು ಅಕ್ಕನ ಮುಖ ನೋಡಿ, ನನ್ನತ್ತ ತಿರುಗುತ್ತಾರೆ. "ನಾನು ಒಳಗೆ ಹೋದೆ ಅಂತ ಬೇಕಾದ್ರೆ ಬರ್ಕೊಳ್ಳಿ. ಏನು ಹೇಳಿದೆ ಅಂತ ನಿಮಗೂ ಗೊತ್ತಿಲ್ಲ." ನಾಲ್ಕು ಹೆಜ್ಜೆ ಹೋದವರು ನಿಂತು, "ಸೋಮವಾರಕ್ಕೆ ಮೆಷಿನ್ನಿಗೆ ಎಣ್ಣೆ ಹಾಕಿಡು" ಎನ್ನುತ್ತಾರೆ.

ಅಕ್ಕ ದಿಂಬಿನ ಚೀಲವನ್ನು ಬೆಳಕಿಗೆ ಹಿಡಿಯುತ್ತಾರೆ. ಅಂಚಿನುದ್ದಕ್ಕೂ ಸಾಲು ಸಾಲು ತೂತು, ಒಂದಕ್ಕೂ ದಾರವಿಲ್ಲ. "ಹನ್ನೊಂದು ವರ್ಷದಿಂದ ಏನು ಕೇಳಬೇಕು ಅಂತಿದ್ದೆನೋ, ಅದು ಈ ಬಾಗಿಲ ಹಿಂದೆ ಇತ್ತು. ಕಾಲು ನಿಲ್ಲಿಸಿದ್ರೆ ಸಾಕಿತ್ತು. ನಿಲ್ಲಿಸಲಿಲ್ಲ." ಆಮೇಲೆ ನನ್ನ ಬ್ಯಾಗಿನ ಕಡೆ ಕಣ್ಣು ಹೊರಳಿಸುತ್ತಾರೆ.

"ಈಗ ಪೆನ್ನು ತೆಗೀರಿ. ಒಂದೇ ಮಾತು ಬರೀರಿ, ನಮ್ಮ ಮೇಲ್ವಿಚಾರಕಿ ಪತ್ರಿಕೆ ಓದ್ತಾರೆ. ಸದ್ದಿಲ್ಲದ ಆ ಹೊಸ ಮೆಷಿನ್ ನನಗೆ ಬೇಡ."