ರಾಗಿಯದೇನೂ ತಪ್ಪಿರಲಿಲ್ಲ

ನಾನು ಬಿದ್ದದ್ದು ಗೆದ್ದ ಮೇಲೆ.

ಯಲಹಂಕದ ನಮ್ಮ ಶಾಲೆಯಲ್ಲಿ ಸ್ಪೋರ್ಟ್ಸ್ ಡೇ ದಿನ ಕೊನೆಗೆ ಟೀಚರುಗಳಿಗೂ ಒಂದು ಓಟ ಇಡುತ್ತಾರೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಓಡಿದೆ. ಇಂಗ್ಲಿಷ್ ಮಿಸ್ಸನ್ನು ಒಂದೇ ಹೆಜ್ಜೆಯಿಂದ ಹಿಂದೆ ಹಾಕಿ ಗೆರೆ ದಾಟಿದೆ. ಮಕ್ಕಳು 'ಸವಿತಾ ಮಿಸ್, ಸವಿತಾ ಮಿಸ್' ಎಂದು ಕೂಗುತ್ತಿದ್ದರು. ಆಗ ಎದೆಯೊಳಗೆ ಏನೋ ಪಟಪಟ ಎಂದಿತು, ಮಂಕರಿ ಕೆಳಗೆ ಸಿಕ್ಕ ಕೋಳಿ ರೆಕ್ಕೆ ಬಡಿದ ಹಾಗೆ. ಕೂಗು ದೂರ ಹೋಯಿತು. ಮೈದಾನ ಬೆಳ್ಳಗಾಯಿತು.

ಕಣ್ಣು ಬಿಟ್ಟಾಗ ನನ್ನ ಮುಷ್ಟಿಯಲ್ಲಿ ಸ್ಕೂಲ್ ಬಸ್ಸಿನ ಕೀ ಗೊಂಚಲು ಇತ್ತು.

'ಫಿಟ್ಸ್ ಕಣ್ರೀ. ಕೈಗೆ ಕಬ್ಬಿಣ ಕೊಟ್ರೆ ನಿಂತೋಗುತ್ತೆ,' ಎಂದು ಪಿ.ಟಿ. ಸರ್ ಸುತ್ತ ನಿಂತವರಿಗೆ ಹೇಳುತ್ತಿದ್ದರು. 'ನೋಡಿ, ನಿಂತೇ ಹೋಯ್ತು!'

ನಾನು ವಿಜ್ಞಾನ ಕಲಿಸುವವಳು. ಆ ಸ್ಥಿತಿಯಲ್ಲೂ ಅವರಿಗೆ ಎದುರು ಹೇಳಬೇಕು ಅನ್ನಿಸಿತು.

ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದರು. ನಾರ್ಮಲ್. ಎಕೋ ಮಾಡಿದರು. ಅದೂ ನಾರ್ಮಲ್. ಬಿಸಿಲಿಗೆ ಹೀಗಾಗಿದೆ, ನೀರು ಜಾಸ್ತಿ ಕುಡಿಯಿರಿ ಎಂದು ಕಳಿಸಿದರು. ನಾನು ನಂಬಿದೆ. ಅಮ್ಮ ನಂಬಲಿಲ್ಲ.

ರಾಜಾನುಕುಂಟೆಯ ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಹೋದ. ಅಮ್ಮ ಸೊಪ್ಪಿನ ಕಂತೆ ಹೊತ್ತು ಮಾರಿ ನನ್ನನ್ನು ಬಿ.ಎಸ್ಸಿ., ಬಿ.ಎಡ್. ಓದಿಸಿದಳು. ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಿಸಲ್ಟ್ ಬಂದ ದಿನ ಬಸ್ ಸ್ಟಾಪಿನಿಂದ ಮನೆಯವರೆಗೆ ಓಡಿ, 'ಫಸ್ಟ್ ಕ್ಲಾಸಮ್ಮಾ!' ಎಂದು ಕೂಗಿ, ಹೊಸ್ತಿಲ ಮೇಲೇ ಬಿದ್ದಿದ್ದೆ. ಡಿಗ್ರಿ ಭಾರ ತಡೆಯಲಾಗಲಿಲ್ಲ ಎಂದು ಮಾವ ವರ್ಷಗಟ್ಟಲೆ ನಗಾಡಿದ್ದ.

'ಆವತ್ತೂ ಓಡ್ದೆ, ಬಿದ್ದೆ. ಈವತ್ತೂ ಓಡ್ದೆ, ಬಿದ್ದೆ,' ಅಂದಳು ಅಮ್ಮ. 'ಬಿಸ್ಲಂತೆ ಬಿಸ್ಲು! ಆವತ್ತು ಮೋಡ ಕವ್ಕಂಡಿತ್ತು ಕಣವ್ವ. ನಡಿ, ದೊಡ್ಡಾಸ್ಪತ್ರೆಗೆ ಓಗಾನ.'

ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ಹೋದೆವು. ಹೃದಯದ ಡಾಕ್ಟರು ನನಗಿಂತ ತುಸುವೇ ದೊಡ್ಡ ಹೆಂಗಸು. ಎರಡು ಸಲ ಬಿದ್ದ ಕತೆಯನ್ನು ಅಮ್ಮನ ಬಾಯಿಂದಲೇ ಕೇಳಿ ಟ್ರೆಡ್‌ಮಿಲ್ ಟೆಸ್ಟ್ ಬರೆದರು. ಎದೆಯ ತುಂಬ ವೈರು ಅಂಟಿಸಿಕೊಂಡು ನಡೆದೆ. ವೇಗ ಏರಿದಂತೆ ಪರದೆಯ ಮೇಲಿನ ಗೆರೆ ಬದಲಾಯಿತು. ಒಂದು ಬಡಿತ ಮೇಲಕ್ಕೆ, ಮುಂದಿನದು ಕೆಳಕ್ಕೆ, ಮತ್ತೆ ಮೇಲಕ್ಕೆ. ಹರಟುತ್ತಿದ್ದ ಟೆಕ್ನಿಶಿಯನ್ ಮಾತು ನಿಲ್ಲಿಸಿದ. ಮೆಷಿನ್ನೂ ನಿಲ್ಲಿಸಿದ.

ಕಾಯಿಲೆಯ ಹೆಸರು ಸಿಪಿವಿಟಿ.

'ನಿಮ್ಮ ಹಾರ್ಟ್ ಆಕಾರ ಚೆನ್ನಾಗೇ ಇದೆ ಸವಿತಾ,' ಎಂದರು ಡಾಕ್ಟರು. 'ತೊಂದ್ರೆ ಇರೋದು ಅದರ ಸೆಲ್‌ಗಳ ಒಳಗೆ. ಓಡಿದಾಗ, ಸಿಟ್ಟು ಬಂದಾಗ, ತುಂಬಾ ಖುಷಿ ಆದಾಗ ಅಡ್ರಿನಾಲಿನ್ ಏರುತ್ತಲ್ಲ, ಆಗ ಒಳಗೆ ಕ್ಯಾಲ್ಸಿಯಂ ಲೀಕ್ ಆಗುತ್ತೆ. ಬಡಿತ ದಾರಿ ತಪ್ಪುತ್ತೆ. ನಿಲ್ಲದೇ ಹೋದ್ರೆ ಜೀವಕ್ಕೇ ಅಪಾಯ.'

ಅಡ್ರಿನಾಲಿನ್ನಿಗೆ ತಡೆ ಹಾಕುವ ಬೀಟಾ ಬ್ಲಾಕರ್ ಮಾತ್ರೆ, ದಿನಕ್ಕೆ ಎರಡು ಹೊತ್ತು. ಒಂದು ಹೊತ್ತೂ ತಪ್ಪಿಸಬಾರದು. ಓಡಬಾರದು. ಜೆನೆಟಿಕ್ ಟೆಸ್ಟಿಗೆ ರಕ್ತ ಕೊಡಬೇಕು. ಅವರು ಇನ್ನೂ ಏನೇನೋ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಕ್ಯಾಲ್ಸಿಯಂ ಮಾತ್ರ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಎಂದು ಪ್ರತಿ ವರ್ಷ ಮಕ್ಕಳಿಂದ ಬರೆಸುವವಳು ನಾನೇ. ಬಸ್ಸು ಯಲಹಂಕ ದಾಟುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ.

'ಇವತ್ತಿಂದ ರಾಗಿ ಬೇಡ. ಹಾಲು, ಮೊಸರೂ ಬೇಡ.'

'ಡಾಕ್ಟ್ರಮ್ಮ ಅಂಗಂದ್ರಾ?'

'ಅವರೇ ಹೇಳ್ಬೇಕಾ? ನಂಗೊತ್ತಾಗಲ್ವಾ?'

'ರಾಗಿ ತಿನ್ಕಂಡೇ ಬೆಳ್ದೋಳು ನೀನು. ಆದ್ರೂ ಓದ್ದೋಳು. ನೀನೇಳ್ದಂಗೇ ಆಗ್ಲಿ.'

ಮುದ್ದೆ ತಿರುವುವ ಕೋಲು ಅಟ್ಟ ಸೇರಿತು. ನನ್ನ ಮುಂದೆ ಹೇಗೆ ಉಣ್ಣಲಿ ಎಂದು ಅವಳೂ ಮುದ್ದೆ ಬಿಟ್ಟಳು.

ಮಾತ್ರೆಯಿಂದ ನಾಡಿ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ. ಹೊಟ್ಟೆಗೆ ತಿಳಿಸಾರು, ಒಂದಿಷ್ಟು ಅನ್ನ. ಬೋರ್ಡಿನಿಂದ ತಿರುಗಿದರೆ ಕ್ಲಾಸೇ ತಿರುಗುತ್ತಿತ್ತು. ಮಾತ್ರೆಯೇ ನನಗೆ ಜಾಸ್ತಿಯಾಗಿದೆ ಎಂದುಕೊಂಡೆ. ಡಾಕ್ಟರಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮಾತ್ರೆಯನ್ನು ಮುರಿದು ಅರ್ಧ ನುಂಗತೊಡಗಿದೆ. ಮುರಿಯುವಾಗಲೂ ನನಗೆ ನನ್ನ ಡಿಗ್ರಿಯ ಧೈರ್ಯವಿತ್ತು.

ಎರಡು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ತಟ್ಟೆಯಲ್ಲಿದ್ದ ದೋಸೆ ಕಪ್ಪಗೆ ಕಂಡಿತು.

'ಯಾಕೆ ಹಿಂಗಿದೆ ಬಣ್ಣ?'

'ವಸಿ ಸೀದೋಯ್ತು.'

'ರಾಗಿ ಹಾಕಿದ್ದೀಯಾ?'

'ಒಂದೇ ಒಂದು ಬೊಗ್ಸೆ ಕಣವ್ವ. ನಿನ್ ಮಕ ನೋಡಾಕಾಗಾಕಿಲ್ಲ, ಬಿಳ್ಚ್ಕಂಡೈತೆ.'

'ನನ್ನ ಸಾಯಿಸ್ಬೇಕು ಅಂತಿದ್ದೀಯಾ?' ಎಂದು ಕಿರುಚಿದೆ. ಬದುಕಿನಲ್ಲಿ ಅಮ್ಮನ ಮೇಲೆ ಅಷ್ಟು ಕಿರುಚಿದ್ದು ಅದೇ ಮೊದಲು.

ಮತ್ತೆ ಆ ಪಟಪಟ.

ಎಚ್ಚರವಾದಾಗ ನನ್ನ ತಲೆ ಅವಳ ಮಡಿಲಲ್ಲಿತ್ತು. ಅವಳ ಎರಡೂ ಕೈಗೆ ಹಿಟ್ಟು ಮೆತ್ತಿತ್ತು. 'ನಾನೇ ಇಕ್ದೆ. ನನ್ ಕೈಯಾರೆ ಇಕ್ದೆ,' ಎನ್ನುತ್ತಿದ್ದಳು. ಆಂಬುಲೆನ್ಸಿನಲ್ಲಿ ಹೆಬ್ಬಾಳದವರೆಗೂ ಅದೇ ಮಾತು.

ಡಾಕ್ಟರು ಬಂದವರೇ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕೈಮುಗಿದಳು. 'ಮಾತ್ರೆದೇನಿಲ್ಲ ಡಾಕ್ಟ್ರಮ್ಮ. ನಾನು ರಾಗಿ ಇಕ್ಬುಟ್ಟೆ.'

ಅವರು ತಲೆಬುಡ ತಿಳಿಯದೆ ನನ್ನ ಮುಖ ನೋಡಿದರು. ಸುಮ್ಮನಿರಬಹುದಿತ್ತು. ಇದ್ದಿದ್ದರೆ ಅಮ್ಮ ಆ ಬೊಗಸೆ ರಾಗಿಯನ್ನು ಸಾಯುವ ತನಕ ಹೊತ್ತು ತಿರುಗುತ್ತಿದ್ದಳು.

'ಅರ್ಧ ಮಾತ್ರೆ,' ಎಂದೆ. 'ಎರಡು ವಾರದಿಂದ ಅರ್ಧವೇ ತಗೊಂಡಿದ್ದು. ಯಾರನ್ನೂ ಕೇಳ್ಲಿಲ್ಲ. ರಾಗಿ ನಿಲ್ಲಿಸಿದ್ದೂ ನಾನೇ.'

ಡಾಕ್ಟರು ನನ್ನನ್ನು ಬಯ್ಯಲಿಲ್ಲ. ಸ್ಟೂಲು ಎಳೆದುಕೊಂಡು ಅಮ್ಮನ ಮುಂದೆ ಕುಳಿತರು.

'ಮನೇಲಿ ಸಂಪ್ ಇದ್ಯಾ ಅಮ್ಮ?'

'ಐತೆ. ಟ್ಯಾಂಕರ್ ನೀರು ಉಯ್ಸ್ತೀವಿ.'

'ಅಡುಗೆಮನೆ ನಲ್ಲೀಲಿ ವಾಷರ್ ಹೋಗಿದೆ, ತೊಟ್ಟಿಕ್ತಾ ಇದೆ ಅನ್ಕೊಳ್ಳಿ. ಟ್ಯಾಂಕರ್ ಬರೋದು ನಿಲ್ಲಿಸಿಬಿಟ್ರೆ ವಾಷರ್ ಸರಿಹೋಗುತ್ತಾ?'

'ಎಲ್ಲೋಯ್ತದೆ? ನೀರಿಲ್ದೆ ನಾವ್ ಸಾಯ್ತೀವಿ, ಅಷ್ಟೇಯ.'

'ಹಾಗೇ ಇದೂನೂ. ವಾಷರ್ ಬಿಗಿ ಹಿಡಿಯೋದು ಮಾತ್ರೆ.'

ಆಸ್ಪತ್ರೆಯ ಮಂಚದ ಮೇಲೆ ಕೂತು, ಈ ಸಲ ನನ್ನ ಕಾಯಿಲೆಯ ಬಗ್ಗೆ ಸಾವಧಾನವಾಗಿ ಓದಿದೆ. ಹೃದಯದ ಪ್ರತಿ ಜೀವಕೋಶದ ಗೋಡೆಯಲ್ಲಿ ಸೋಡಿಯಂಗೆ, ಪೊಟ್ಯಾಶಿಯಂಗೆ, ಕ್ಯಾಲ್ಸಿಯಂಗೆ ಬೇರೆ ಬೇರೆ ಬಾಗಿಲು. ಹೊರಗಿನಿಂದ ಚೂರು ಕ್ಯಾಲ್ಸಿಯಂ ಒಳಗೆ ಬಂದರೆ, ಅದು ಒಳಗಿನ ಉಗ್ರಾಣದ ಬಾಗಿಲು ತೆರೆಸುತ್ತದೆ. ಅಲ್ಲಿಂದ ಇನ್ನಷ್ಟು ನುಗ್ಗುತ್ತದೆ. ಸ್ನಾಯು ಬಿಗಿಯುತ್ತದೆ. ಮರುಕ್ಷಣ ಎಲ್ಲವೂ ಉಗ್ರಾಣಕ್ಕೆ ವಾಪಸು, ಸ್ನಾಯು ಸಡಿಲ. ಇದೇ ಒಂದು ಬಡಿತ. ನನ್ನ ಉಗ್ರಾಣದ ಬಾಗಿಲು ಹುಟ್ಟಿನಿಂದಲೇ ಸಡಿಲ. ಜೆನೆಟಿಕ್ ರಿಪೋರ್ಟಿನಲ್ಲೂ ಅದೇ ಬಂತು. ಊಟದ ಕ್ಯಾಲ್ಸಿಯಂ ಹೆಚ್ಚಾಗಲಿ ಕಡಿಮೆಯಾಗಲಿ, ರಕ್ತದಲ್ಲಿ ಎಷ್ಟಿರಬೇಕೋ ಅಷ್ಟನ್ನು ದೇಹವೇ ನೋಡಿಕೊಳ್ಳುತ್ತದೆ. ಮೂವತ್ತೊಂದು ವರ್ಷ ಕ್ಯಾಲ್ಸಿಯಂ ನನ್ನನ್ನು ಬಡಿತ ಬಡಿತಕ್ಕೂ ಬದುಕಿಸಿತ್ತು. ನಾನು ಅದನ್ನೇ ಕಳ್ಳನೆಂದು ಹಿಡಿದಿದ್ದೆ.

ಡಿಸ್ಚಾರ್ಜ್ ದಿನ ಅಮ್ಮ ಡಾಕ್ಟರ ಮೇಜಿನ ಮುಂದಿಂದ ಕದಲಲಿಲ್ಲ.

'ಅಂಗಾರೆ ರಾಗಿದೇನೂ ತಪ್ಪಿಲ್ವಾ?'

'ಏನೂ ಇಲ್ಲಮ್ಮ.'

'ಅದ್ನ ಬರ್ದ್ಕೊಡಿ.'

'ಬರೆದು ಯಾಕಮ್ಮ?'

'ಇವ್ಳು ಓದ್ದೋಳು. ನಾನೇಳಿದ್ರೆ ನಂಬಾಕಿಲ್ಲ. ಬರ್ದಿರೋದ್ನ ನಂಬ್ತಾಳೆ.'

ಡಾಕ್ಟರು ಜೋರಾಗಿ ನಕ್ಕರು. ಮಾತ್ರೆಗಳ ಹೆಸರಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು.

ಈಗ ಏಳು ತಿಂಗಳಾಯಿತು. ಇನ್ನೊಂದು ಮಾತ್ರೆ ಸೇರಿದೆ. ಬಸ್ಸು ಹೊರಟರೆ ಹೊರಡಲಿ ಎಂದು ಬಿಟ್ಟುಬಿಡುತ್ತೇನೆ. ಅಮ್ಮನಿಗೂ ಟ್ರೆಡ್‌ಮಿಲ್ ಟೆಸ್ಟ್ ಆಯಿತು. ಸೀರೆ ಎತ್ತಿ ಸಿಕ್ಕಿಸಿ ನಡೆದವಳು ಟೆಕ್ನಿಶಿಯನ್‌ಗೆ 'ಇನ್ನ ವಸಿ ಜೋರಾಗ್ ಬುಡಪ್ಪ' ಅಂದಳಂತೆ. ಅವಳಿಗೆ ಏನೂ ಇಲ್ಲ. ಅಪ್ಪನದು ಗೊತ್ತಾಗುವ ಹಾಗಿಲ್ಲ. ಚೆನ್ನಾಗಿ ಈಜು ಬಲ್ಲವನು ಕೆರೆಯಲ್ಲಿ ಮುಳುಗಿದ್ದ. ಯಾರದೋ ದೃಷ್ಟಿ ತಾಗಿ ಹಾಗಾಯಿತು ಎಂದು ಜನ ಮಾತಾಡಿಕೊಂಡಿದ್ದರು. ಇದೇ ಕಾಯಿಲೆ ಇದ್ದಿರಬಹುದು ಎಂದು ಡಾಕ್ಟರು ಹೇಳಿದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, 'ಇದ್ಕೆ ಮಾತ್ರೆ ಇತ್ತಲ್ಲವ್ವ,' ಎಂದಳು. ಅಷ್ಟೇ.

ಆ ಚೀಟಿ ನಮ್ಮ ಅಡುಗೆಮನೆ ಗೋಡೆಯ ಮೇಲಿದೆ. ಅಮ್ಮನಿಗೆ ಓದಲು ಬರುವುದಿಲ್ಲ. ಆದರೆ ಯಾವ ಸಾಲು ಎಂದು ಗೊತ್ತು. ಕೋಲು ಕೈಗೆತ್ತಿಕೊಳ್ಳುವ ಮೊದಲು ಅದರ ಮೇಲೆ ಬೆರಳಿಡುತ್ತಾಳೆ.

'ಓದು.'

'ರಾಗಿ ಮುದ್ದೆ ಧಾರಾಳವಾಗಿ ತಿನ್ನಬಹುದು.'

'ಈಗ ಕೈ ತೋರ್ಸು.'

ಮಾತ್ರೆ ಹಿಡಿದ ಅಂಗೈ ಬಿಚ್ಚುತ್ತೇನೆ. ಅವಳು ಬಗ್ಗಿ ನೋಡುತ್ತಾಳೆ.

'ಪೂರ್ತಿ ಐತಾ?'

'ಪೂರ್ತಿ ಐತಮ್ಮ.'

ಆಮೇಲೆಯೇ ಎಸರಿಗೆ ಹಿಟ್ಟು ಬೀಳುವುದು.